ಇನ್‌ಸ್ಟ್ರುಮೆಂಟ್‌ಗೆ ಕಂಪ್ಯೂಟರ್ ಜೋಡಿಸಬೇಕು: ಆರ್‌ಎಸ್-485, ಜಿಪಿಐಬಿ, ಯುಎಸ್‌ಬಿ, ಈಥರ್‌ನೆಟ್‌ಗಳಲ್ಲಿ ನಿಮಗೆ ಯಾವುದು?

"ಹೊಸ ಟೆಂಪರೇಚರ್ ಕಂಟ್ರೋಲರ್ ತಗೋಬೇಕು, ಆರ್‌ಎಸ್-485 ಇರೋದು ಸಾಕಾ, ಈಥರ್‌ನೆಟ್ ಇರೋದೇ ಬೇಕಾ?" "ನಮ್ಮ ಕಾಲೇಜ್ ಲ್ಯಾಬ್‌ನಲ್ಲಿ ಹಳೇ ಮಲ್ಟಿಮೀಟರ್‌ಗಳಿವೆ, ಹಿಂದೆ ಜಿಪಿಐಬಿ ಬಿಟ್ಟರೆ ಬೇರೆ ಪೋರ್ಟ್ ಇಲ್ಲ, ಮೂಲೆಗೆ ಹಾಕೋದಾ?" "ತೂಕದ ಯಂತ್ರದಿಂದ ತೂಕ ನೇರವಾಗಿ ಎಕ್ಸೆಲ್‌ಗೆ ಬರಬೇಕು, ಏನು ಮಾಡಲಿ?" ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೆ ಬಿಡಿ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ತೂಗಿ ನೋಡೋಣ.

ಶುರು ಮಾಡುವ ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಆರ್‌ಎಸ್-232, ಆರ್‌ಎಸ್-485, ಜಿಪಿಐಬಿ, ಯುಎಸ್‌ಬಿ, ಈಥರ್‌ನೆಟ್ ಇವೆಲ್ಲ ತಂತಿಯ ಕಥೆ. ಮಾಡ್‌ಬಸ್, ಸ್ಕಿಪಿ, ಒಪಿಸಿ ಯುಎ ಇವು ಆ ತಂತಿಯ ಮೇಲೆ ಆಡುವ ಮಾತಿನ ಕಥೆ. ಫೋನ್ ಲೈನ್ ಸರಿಯಿದ್ದ ಮಾತ್ರಕ್ಕೆ ಆ ಕಡೆಯವರಿಗೆ ನಮ್ಮ ಭಾಷೆ ಬರಬೇಕು ಅಂತೇನಿಲ್ಲ ಅಲ್ವಾ, ಹಾಗೆಯೇ ಇದು. ಮಾರುವವರು "ಸರ್, ಆರ್‌ಎಸ್-485 ಇದೆ" ಅಂದರೆ ಅರ್ಧ ಉತ್ತರ ಮಾತ್ರ ಸಿಕ್ಕಿದೆ. ಅದರ ಮೇಲೆ ಮಾಡ್‌ಬಸ್ ಇದೆಯೋ, ಆ ಕಂಪನಿಯದೇ ಸ್ವಂತ ಪ್ರೋಟೋಕಾಲ್ (ಮಾತಿನ ನಿಯಮ) ಇದೆಯೋ ಅನ್ನುವುದೇ ಉಳಿದ ಅರ್ಧ. ಸ್ವಂತ ಪ್ರೋಟೋಕಾಲ್ ಆಗಿದ್ದು ಅದರ ಕೈಪಿಡಿ ಸಿಗದಿದ್ದರೆ, ಅವರದೇ ಸಾಫ್ಟ್‌ವೇರ್ ಕೊಳ್ಳದೆ ಬೇರೆ ದಾರಿ ಇರುವುದಿಲ್ಲ.

ಯಾವುದರ ಮೇಲೆ ಅಳೆಯಬೇಕು

ಮೊದಲ ಪ್ರಶ್ನೆ ತುಂಬ ಸರಳ. ನಿಮ್ಮ ಇನ್‌ಸ್ಟ್ರುಮೆಂಟ್ ಹಿಂದೆ ಈಗಾಗಲೇ ಯಾವ ಪೋರ್ಟ್ ಇದೆ? ಹಳೆಯದನ್ನೇ ಬಳಸುವವರಿಗೆ ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಪ್ಯಾನಲ್‌ಗೆ ಕೂರಿಸುವ ಕಂಟ್ರೋಲರ್‌ಗಳಲ್ಲಿ ಕಮ್ಯುನಿಕೇಶನ್ ಅನ್ನುವುದು ಹೆಚ್ಚಾಗಿ ಐಚ್ಛಿಕ. ಮಾಡೆಲ್ ನಂಬರಿನ ಕೊನೆಯ ಒಂದೆರಡು ಅಕ್ಷರ ನೋಡಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮುಂದಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಹಿಂದೆ ಟರ್ಮಿನಲ್ ಮಾತ್ರ ಖಾಲಿ.

ಎರಡನೆಯದು ದೂರ, ಅದರ ಜೊತೆಗೆ ಸುತ್ತಲಿನ ಗಲಾಟೆ. ಗಲಾಟೆ ಅಂದರೆ ಕರೆಂಟಿನ ಗಲಾಟೆ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್), ವೆಲ್ಡಿಂಗ್ ಸೆಟ್, ದೊಡ್ಡ ಕಾಂಟ್ಯಾಕ್ಟರ್ (ಭಾರಿ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್), ಇಂಡಕ್ಷನ್ ಫರ್ನೇಸ್ ಇರುವ ಶೆಡ್‌ನಲ್ಲಿ ಹತ್ತು ಮೀಟರ್ ಕೇಬಲ್ ಕೂಡ ತಲೆನೋವು ಕೊಡಬಹುದು. ಮೂರನೆಯದು ಎಷ್ಟು ಇನ್‌ಸ್ಟ್ರುಮೆಂಟ್, ಈಗ ಎಷ್ಟು, ಎರಡು ವರ್ಷದ ಮೇಲೆ ಎಷ್ಟು. ನಾಲ್ಕನೆಯದು ವೇಗ. ಫರ್ನೇಸಿನ ತಾಪ ಸೆಕೆಂಡಿಗೊಮ್ಮೆ ಬಂದರೆ ಧಾರಾಳ ಆಯಿತು, ಆಸಿಲೋಸ್ಕೋಪಿನ ವೇವ್‌ಫಾರ್ಮ್ ಎಳೆಯಬೇಕಾದರೆ ಲೆಕ್ಕವೇ ಬೇರೆ.

ಐದನೆಯದನ್ನು ಜನ ಕೇಳುವುದೇ ಇಲ್ಲ, ಆದರೆ ನನ್ನ ಮಟ್ಟಿಗೆ ಇದೇ ದೊಡ್ಡದು. ನೀವು ಇನ್‌ಸ್ಟ್ರುಮೆಂಟ್‌ನಿಂದ ಬರೀ ಓದುತ್ತೀರಾ, ಅದಕ್ಕೆ ಬರೆಯುತ್ತೀರಾ? ಓದುವುದಷ್ಟೇ ಆದರೆ ಸಂಪರ್ಕ ಕಡಿದಾಗ ಒಂದಿಷ್ಟು ದಾಖಲೆ ಹೋಗುತ್ತದೆ, ಅಷ್ಟೇ. ಬರೆಯುವುದೂ ಇದ್ದರೆ, ಅಂದರೆ ಸೆಟ್‌ಪಾಯಿಂಟ್ (ಯಂತ್ರ ಹಿಡಿದಿಡಬೇಕಾದ ಗುರಿ) ಬದಲಿಸುವುದು, ಮೋಟಾರ್ ಶುರು ಮಾಡುವುದು, ಪವರ್ ಸಪ್ಲೈ ಔಟ್‌ಪುಟ್ ಆನ್ ಮಾಡುವುದು ಇದ್ದರೆ, ಕೇಬಲ್ ಕಿತ್ತುಹೋದ ಕ್ಷಣದಲ್ಲಿ ಆ ಯಂತ್ರ ಏನು ಮಾಡುತ್ತದೆ ಅನ್ನುವುದು ನಿಮಗೆ ಗೊತ್ತಿರಲೇಬೇಕು. ಇದಕ್ಕೆ ಮುಂದೆ ಮತ್ತೆ ಬರುತ್ತೇನೆ.

ಕೊನೆಯದು, ನಾಳೆ ಇದನ್ನು ನೋಡಿಕೊಳ್ಳುವವರು ಯಾರು. ಮಲ್ಟಿಮೀಟರ್ ಹಿಡಿದು ಎರಡು ತಂತಿ ಚೆಕ್ ಮಾಡಬಲ್ಲ ಎಲೆಕ್ಟ್ರಿಷಿಯನ್ ಇದ್ದಾರಾ, ನೆಟ್‌ವರ್ಕ್ ಸ್ವಿಚ್ ಗೊತ್ತಿರುವ ಐಟಿಯವರು ಇದ್ದಾರಾ? ರಾತ್ರಿ ಪಾಳಿಯಲ್ಲಿ ಕೆಟ್ಟರೆ ಕೈ ಹಾಕುವವರಿಗೆ ಅರ್ಥವಾಗುವ ವ್ಯವಸ್ಥೆಯೇ ಒಳ್ಳೆಯ ವ್ಯವಸ್ಥೆ.

ಆರ್‌ಎಸ್-232: ಒಂದಕ್ಕೆ ಒಂದು, ಹತ್ತಿರವಿದ್ದರೆ

1960ರ ದಶಕದಿಂದ ಇರುವ ಇದು ಇನ್ನೂ ಸತ್ತಿಲ್ಲ. ತೂಕದ ಯಂತ್ರ, ಲ್ಯಾಬ್ ಬ್ಯಾಲೆನ್ಸ್, ಪಿಎಚ್ ಮೀಟರ್, ಹಳೇ ಸಿಎನ್‌ಸಿ ಇವುಗಳ ಹಿಂದೆ 9 ಪಿನ್ನಿನ ಕನೆಕ್ಟರ್ ಈಗಲೂ ಕಾಣುತ್ತದೆ. ಮೂರು ತಂತಿ ಸಾಕು: 2, 3, 5ನೇ ಪಿನ್. ಎರಡು ಮತ್ತು ಮೂರನ್ನು ಅದಲು ಬದಲು ಮಾಡಬೇಕೋ ಬೇಡವೋ ಅನ್ನುವುದೇ ಇಲ್ಲಿ ಮಾಮೂಲಿ ಪೇಚು. ಡೇಟಾ ಬರುತ್ತಿಲ್ಲ ಅಂದರೆ ಮೊದಲು ಅದನ್ನೇ ಬದಲಿಸಿ ನೋಡಿ. ಕಸದಂಥ ಅಕ್ಷರ ಬರುತ್ತಿದ್ದರೆ ತಂತಿ ಸರಿಯಿದೆ, ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಅಥವಾ ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಎರಡೂ ಕಡೆ ಹೊಂದುತ್ತಿಲ್ಲ ಅಂತ ಅರ್ಥ.

ದೂರಕ್ಕೆ 15 ಮೀಟರ್ ಅನ್ನುವುದು ಹಳೆಯ ಲೆಕ್ಕ. ಕಡಿಮೆ ವೇಗದಲ್ಲಿ ಇನ್ನೂ ಜಾಸ್ತಿ ಹೋಗುತ್ತದೆ, ಆದರೆ ಅದನ್ನು ನಂಬಿ ಕೇಬಲ್ ಎಳೆಯಬೇಡಿ. ಎರಡೂ ಕಡೆಯ ಗ್ರೌಂಡ್ ಒಂದೇ ತಂತಿಯಲ್ಲಿ ಸೇರುವುದರಿಂದ, ಎರಡು ಬೇರೆ ಬೇರೆ ಶೆಡ್ಡಿನ ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಪೋರ್ಟ್ ಸುಟ್ಟೇಹೋಗುತ್ತದೆ. ಪಕ್ಕದ ಮೇಜಿನ ಒಂದು ತೂಕದ ಯಂತ್ರಕ್ಕೆ ಇದಕ್ಕಿಂತ ಅಗ್ಗದ, ಸುಲಭದ ದಾರಿ ಇಲ್ಲ. ಕೆಲವು ನೂರು ರೂಪಾಯಿಯ ಯುಎಸ್‌ಬಿ ಕನ್ವರ್ಟರ್ ಸಾಕು. ಎರಡನೇ ಯಂತ್ರ ಬಂದರೆ ಎರಡನೇ ಪೋರ್ಟ್ ಬೇಕು. ನಾಲ್ಕು ದಾಟಿತೆಂದರೆ ಇದು ನಿಮ್ಮ ದಾರಿಯಲ್ಲ.

ಆರ್‌ಎಸ್-485 ಮೇಲೆ ಮಾಡ್‌ಬಸ್: ಕಾರ್ಖಾನೆಯ ನಿಜವಾದ ಕೆಲಸಗಾರ

ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಯೂನಿಟ್ ಆಗಲಿ, ಬೆಳಗಾವಿಯ ಫೌಂಡ್ರಿ ಆಗಲಿ, ಟೆಂಪರೇಚರ್ ಕಂಟ್ರೋಲರ್, ಎನರ್ಜಿ ಮೀಟರ್, ವಿಎಫ್‌ಡಿ ಈ ಮೂರನ್ನು ಕಂಪ್ಯೂಟರಿಗೆ ತರಬೇಕಾದರೆ ನಾನು ಮೊದಲು ನೋಡುವುದು ಇದನ್ನೇ. ಮಾಡ್‌ಬಸ್ಸನ್ನು 1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗಾಗಿ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಮಾಡಿಕೊಂಡಿತು. ವಿವರವೆಲ್ಲ ಬಹಿರಂಗವಾಗಿದ್ದರಿಂದ ಮಿಕ್ಕವರೂ ಎತ್ತಿಕೊಂಡರು. ಇವತ್ತು ಬೇರೆ ಬೇರೆ ಕಂಪನಿಯ ಮೀಟರ್, ಕಂಟ್ರೋಲರ್, ಡ್ರೈವ್ ಒಂದೇ ಜೋಡಿ ತಂತಿಯಲ್ಲಿ ಕೂರುವುದು ಸಾಧ್ಯವಾಗಿರುವುದು ಇದರಿಂದಲೇ.

ತಂತಿಯ ಲೆಕ್ಕ ಹೀಗಿದೆ. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡುವುದರಿಂದ, ಹೊರಗಿನ ನಾಯ್ಸ್ ಎರಡರ ಮೇಲೂ ಸಮನಾಗಿ ಬಿದ್ದರೆ ಅದು ತಾನೇ ಕಳೆದುಹೋಗುತ್ತದೆ. ಅದಕ್ಕೇ 1200 ಮೀಟರ್‌ವರೆಗೂ ಎಳೆಯಬಹುದು, ವೇಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ಲೈನಿನಲ್ಲಿ 32 ಯೂನಿಟ್ ಲೋಡ್, ಅಂದರೆ ಹಳೆಯ ಲೆಕ್ಕದಲ್ಲಿ 32 ಉಪಕರಣ. ಇತ್ತೀಚಿನ ಚಿಪ್‌ಗಳು ಯೂನಿಟ್ ಲೋಡಿನ ಎಂಟನೇ ಒಂದು ಭಾಗ ಮಾತ್ರ ಎಳೆಯುವುದರಿಂದ ಅಂಥವೇ ಇದ್ದರೆ ಇನ್ನೂ ಜಾಸ್ತಿ ಕೂರುತ್ತವೆ.

ಇಲ್ಲಿ ಕೆಲಸ ಕೆಡುವುದು ವೈರಿಂಗ್‌ನಲ್ಲಿ. ಲೈನ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಇರಬೇಕು. ಪ್ಯಾನಲ್‌ನಿಂದ ನಾಲ್ಕು ದಿಕ್ಕಿಗೆ ನಾಲ್ಕು ಕವಲು ಎಳೆದರೆ ಒಂದು ದಿನ ಓಡಿ ಇನ್ನೊಂದು ದಿನ ನಿಲ್ಲುವ ರೋಗ ಅಂಟಿಕೊಳ್ಳುತ್ತದೆ. ಎರಡು ತುದಿಯಲ್ಲಿ ಮಾತ್ರ 120 ಓಮ್ ರೆಸಿಸ್ಟರ್, ನಡುವಿನ ಇನ್‌ಸ್ಟ್ರುಮೆಂಟ್‌ಗಳಲ್ಲಿ ಬೇಡ. ಟ್ವಿಸ್ಟೆಡ್ ಪೇರ್ ಶೀಲ್ಡ್ ಕೇಬಲ್ಲೇ ಬೇಕು, ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಿ, ಮೋಟಾರಿನ ಪವರ್ ಕೇಬಲ್ ಹೋಗುವ ಟ್ರೇಯಲ್ಲಿ ಇದನ್ನು ತುರುಕಬೇಡಿ. ಎ, ಬಿ ಅನ್ನುವ ಗುರುತು ಕಂಪನಿಯಿಂದ ಕಂಪನಿಗೆ ಉಲ್ಟಾ ಇರುತ್ತದೆ. ಉತ್ತರ ಬರದಿದ್ದರೆ ಎರಡೂ ತಂತಿ ಅದಲು ಬದಲು ಮಾಡಿ ನೋಡಿ, ಅದರಿಂದ ಏನೂ ಸುಡುವುದಿಲ್ಲ. ಕನ್ವರ್ಟರ್ ಕೊಳ್ಳುವಾಗ ಎಸ್‌ಪಿ ರಸ್ತೆಯಲ್ಲಿ ಸಿಗುವ ಬೆರಳುದ್ದದ ಅಗ್ಗದ್ದು ಮೇಜಿನ ಮೇಲೆ ಪರೀಕ್ಷೆಗೆ ಸರಿ. ವಿಎಫ್‌ಡಿ ಇರುವ ಪ್ಯಾನಲ್ಲಿಗೆ ಐಸೊಲೇಶನ್ (ಎರಡು ಕಡೆಯ ಕರೆಂಟನ್ನು ಬೇರೆ ಇಡುವ ವ್ಯವಸ್ಥೆ) ಇರುವುದನ್ನೇ ತೆಗೆದುಕೊಳ್ಳಿ. ಕೆಲವು ಸಾವಿರ ಜಾಸ್ತಿ ಆಗುತ್ತದೆ, ಆದರೆ ಕಂಪ್ಯೂಟರಿನ ಮದರ್‌ಬೋರ್ಡ್ ಉಳಿಯುತ್ತದೆ.

ಈಗ ಮಾತು ಹೇಗಿರುತ್ತದೆ ನೋಡೋಣ. 1ನೇ ನಂಬರಿನ ಕಂಟ್ರೋಲರ್‌ನಿಂದ ಮೊದಲ ಎರಡು ರಿಜಿಸ್ಟರ್ (ಬೆಲೆ ಇಡುವ ಖಾನೆ) ಓದಲು ಕಂಪ್ಯೂಟರ್ ಕಳಿಸುವುದು ಎಂಟು ಬೈಟ್: 01 03 00 00 00 02 ಸಿ4 0ಬಿ. ಮೊದಲ ಬೈಟ್ ಯಾರಿಗೆ, ಎರಡನೆಯದು ಏನು ಮಾಡಬೇಕು (03 ಅಂದರೆ ಓದು), ಆಮೇಲಿನ ಎರಡು ಬೈಟ್ ಎಲ್ಲಿಂದ, ಅದರ ನಂತರದ ಎರಡು ಎಷ್ಟು, ಕೊನೆಯ ಎರಡು ತಪ್ಪು ಹಿಡಿಯುವ ಸಿಆರ್‌ಸಿ. ಇಷ್ಟೇ. ಇದನ್ನು ಒಮ್ಮೆ ಟರ್ಮಿನಲ್ ಸಾಫ್ಟ್‌ವೇರ್‌ನಲ್ಲಿ ಕೈಯಾರೆ ಕಳಿಸಿ ಉತ್ತರ ನೋಡಿದವರಿಗೆ ಮಾಡ್‌ಬಸ್ ಬಗ್ಗೆ ಇರುವ ಭಯ ಹೋಗುತ್ತದೆ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಕೈಪಿಡಿಯಲ್ಲಿ 40001 ಅಂತ ಇದ್ದರೆ ತಂತಿಯ ಮೇಲೆ ಹೋಗುವ ವಿಳಾಸ 0. ಕೆಲವು ಸಾಫ್ಟ್‌ವೇರ್ ಈ ಒಂದನ್ನು ತಾನೇ ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ಪಕ್ಕದ ರಿಜಿಸ್ಟರಿನ ಬೆಲೆ ಬರುತ್ತಿದೆ ಅನ್ನಿಸಿದರೆ ಇದೇ ಕಾರಣ. ಇನ್ನೊಂದು, ದಶಮಾಂಶ ಸಂಖ್ಯೆ. ಒಂದು ರಿಜಿಸ್ಟರ್ 16 ಬಿಟ್, ಫ್ಲೋಟ್ 32 ಬಿಟ್, ಹಾಗಾಗಿ ಎರಡು ರಿಜಿಸ್ಟರ್‌ಗೆ ಹಂಚಿಹೋಗುತ್ತದೆ. 25.0 ಅನ್ನುವುದು 41ಸಿ8 ಮತ್ತು 0000 ಅಂತ ಬರುತ್ತದೆ. ಯಾವುದು ಮೊದಲು ಅಂತ ಮಾಡ್‌ಬಸ್ ನಿಯಮ ಹೇಳುವುದಿಲ್ಲ, ಒಂದೊಂದು ಕಂಪನಿ ಒಂದೊಂದು ಥರ ಇಡುತ್ತದೆ. ಉಲ್ಟಾ ಜೋಡಿಸಿದರೆ ಪರದೆಯ ಮೇಲೆ 25ರ ಬದಲು ಸೊನ್ನೆ ಕಾಣುತ್ತದೆ. ಮೀಟರ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ವರ್ಡ್ ಸ್ವಾಪ್ ಅನ್ನುವ ಟಿಕ್ ಬಾಕ್ಸ್ ನೋಡಿ.

ವೇಗದ ಲೆಕ್ಕ ಮಾಡಿ ನೋಡಿ, ಆಮೇಲೆ ಆಸೆ ಇಟ್ಟುಕೊಳ್ಳಿ. ಹತ್ತು ರಿಜಿಸ್ಟರ್ ಓದಲು ಪ್ರಶ್ನೆ 8 ಬೈಟ್, ಉತ್ತರ 25 ಬೈಟ್. ಪ್ಯಾರಿಟಿ ಸೇರಿ ಒಂದು ಬೈಟಿಗೆ 11 ಬಿಟ್. 9600 ವೇಗದಲ್ಲಿ ತಂತಿಯ ಮೇಲೆ ಕಳೆಯುವ ಸಮಯವೇ ಸುಮಾರು 38 ಮಿಲಿಸೆಕೆಂಡ್. ಇನ್‌ಸ್ಟ್ರುಮೆಂಟ್ ಯೋಚಿಸುವ ಸಮಯ, ನಡುವಿನ ಮೌನ ಎಲ್ಲ ಸೇರಿಸಿ 60ರಿಂದ 100 ಅಂತ ಇಟ್ಟುಕೊಳ್ಳಿ. 20 ಇನ್‌ಸ್ಟ್ರುಮೆಂಟ್ ಇದ್ದರೆ ಒಂದು ಸುತ್ತು ಮುಗಿಯಲು ಒಂದೂಕಾಲು ಸೆಕೆಂಡಿನಿಂದ ಎರಡು ಸೆಕೆಂಡ್. ತಾಪಕ್ಕೆ ಇದು ಬೇಕಾದಷ್ಟಾಯಿತು. ಆದರೆ ಅವುಗಳಲ್ಲಿ ಒಂದು ಆಫ್ ಆಗಿದ್ದು, ಟೈಮ್‌ಔಟ್ 1 ಸೆಕೆಂಡ್, ಮರುಪ್ರಯತ್ನ 3 ಅಂತ ಇಟ್ಟಿದ್ದರೆ ಆ ಒಂದಕ್ಕೇ ಪ್ರತಿ ಸುತ್ತಿನಲ್ಲಿ 4 ಸೆಕೆಂಡ್ ಹೋಗುತ್ತದೆ, ಉಳಿದ 19 ಸುಮ್ನೆ ಕಾಯುತ್ತವೆ. ಇಡೀ ಸಿಸ್ಟಮ್ ನಿಧಾನವಾಗಿದೆ ಅಂತ ದೂರು ಬಂದಾಗ ಬೇಡದ ಒಂದು ನಂಬರ್ ಪಟ್ಟಿಯಲ್ಲಿ ಉಳಿದುಕೊಂಡಿದೆಯಾ ಅಂತ ನೋಡಿ.

ಇನ್ನೊಂದು ಮಿತಿ: ಒಂದು ಲೈನಿಗೆ ಒಬ್ಬನೇ ಯಜಮಾನ. ಆಪರೇಟರ್ ಮುಂದಿನ ಎಚ್‌ಎಂಐ (ಯಂತ್ರದ ಪರದೆ) ಕೂಡ ಕೇಳುತ್ತದೆ, ಆಫೀಸಿನ ಸ್ಕಾಡಾ (ಇಡೀ ಘಟಕ ನೋಡುವ ಸಾಫ್ಟ್‌ವೇರ್) ಕೂಡ ಕೇಳುತ್ತದೆ ಅಂದರೆ ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ. ಅದಕ್ಕೆ ಪರಿಹಾರ ಮುಂದಿನದರಲ್ಲಿದೆ.

ಮಾಡ್‌ಬಸ್ ಟಿಸಿಪಿ: ಅದೇ ಮಾತು, ನೆಟ್‌ವರ್ಕ್ ಮೇಲೆ

ರಿಜಿಸ್ಟರ್, ಫಂಕ್ಷನ್ ಕೋಡ್ ಎಲ್ಲ ಅದೇ. ತಂತಿ ಮಾತ್ರ ಈಥರ್‌ನೆಟ್, ಪೋರ್ಟ್ 502. ವೇಗ ಹೆಚ್ಚು, ಒಂದೇ ಮೀಟರನ್ನು ಇಬ್ಬರು ಮೂವರು ಕೇಳಬಹುದು. ಎಷ್ಟು ಜನ ಒಟ್ಟಿಗೆ ಕೇಳಬಹುದು ಅನ್ನುವುದಕ್ಕೆ ಪ್ರತಿ ಇನ್‌ಸ್ಟ್ರುಮೆಂಟ್‌ನಲ್ಲೂ ಮಿತಿ ಇರುತ್ತದೆ, ಕೈಪಿಡಿಯಲ್ಲಿ ನೋಡಿಕೊಳ್ಳಿ. ಒಂದು ಕೇಬಲ್ 100 ಮೀಟರ್, ಅದಕ್ಕಿಂತ ದೂರವಾದರೆ ನಡುವೆ ಸ್ವಿಚ್ ಅಥವಾ ಫೈಬರ್.

ಎಲ್ಲ ಇನ್‌ಸ್ಟ್ರುಮೆಂಟನ್ನೂ ಈಥರ್‌ನೆಟ್ ಪೋರ್ಟ್ ಇರುವುದನ್ನೇ ಕೊಳ್ಳುವುದಾದರೆ ಒಂದೊಂದಕ್ಕೂ ಹೆಚ್ಚು ಕೊಡಬೇಕು, ಸ್ವಿಚ್ಚಿನಲ್ಲಿ ಒಂದೊಂದು ಪೋರ್ಟ್ ಬೇಕು, ಒಂದೊಂದು ಕೇಬಲ್ ಬೇಕು. ನನಗೆ ಹಿಡಿಸುವುದು ನಡುವಿನ ದಾರಿ. ಶೆಡ್ ಒಳಗೆ ಆರ್‌ಎಸ್-485, ಶೆಡ್ಡಿಗೊಂದು ಗೇಟ್‌ವೇ, ಅಲ್ಲಿಂದ ಆಫೀಸಿಗೆ ಈಥರ್‌ನೆಟ್. ಗೇಟ್‌ವೇ ಕೇಳಿದವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿ ಕೆಳಗಿನ ಲೈನಿಗೆ ಒಂದೊಂದಾಗಿ ಕಳಿಸುತ್ತದೆ. ಎಚ್‌ಎಂಐ, ಸ್ಕಾಡಾ ಜಗಳ ಅಲ್ಲಿಗೆ ಮುಗಿಯುತ್ತದೆ.

ಆದರೆ ಒಂದು ವಿಷಯದಲ್ಲಿ ತುಂಬ ಎಚ್ಚರ. ಮಾಮೂಲಿ ಮಾಡ್‌ಬಸ್ ಟಿಸಿಪಿಯಲ್ಲಿ ಪಾಸ್‌ವರ್ಡ್ ಅನ್ನುವುದೇ ಇಲ್ಲ. ನೆಟ್‌ವರ್ಕಿಗೆ ಬಂದ ಯಾರು ಬೇಕಾದರೂ ಸೆಟ್‌ಪಾಯಿಂಟ್ ಬರೆಯಬಹುದು. 2018ರಲ್ಲಿ ಟಿಎಲ್‌ಎಸ್ (ಗೂಢಲಿಪಿಯ ರಕ್ಷಣೆ) ಸೇರಿಸಿದ ಸುರಕ್ಷಿತ ಆವೃತ್ತಿ ಬಂದಿದೆ, ಪೋರ್ಟ್ 802. ಸಣ್ಣ ಮೀಟರ್, ಕಂಟ್ರೋಲರ್‌ಗಳಲ್ಲಿ ಅದು ಸಿಗುವುದು ಕಷ್ಟ. ಹಾಗಾಗಿ ಯಂತ್ರಗಳ ನೆಟ್‌ವರ್ಕ್ ಬೇರೆ, ಆಫೀಸಿನ ವೈಫೈ ಬೇರೆ ಇರಲಿ. ಮನೆಯಿಂದ ನೋಡಬೇಕು ಅಂತ ರೂಟರ್‌ನಲ್ಲಿ 502 ಪೋರ್ಟ್ ಇಂಟರ್ನೆಟ್ಟಿಗೆ ತೆರೆಯಬೇಡಿ, ದಯವಿಟ್ಟು. ಹಾಗೆ ತೆರೆದಿಟ್ಟ ಯಂತ್ರಗಳನ್ನು ಹುಡುಕಿ ಪಟ್ಟಿ ಮಾಡುವ ಸರ್ಚ್ ಎಂಜಿನ್‌ಗಳೇ ಇವೆ. ವಿಪಿಎನ್ ಹಾಕಿಸಿ.

ಲ್ಯಾಬ್ ಮತ್ತು ಟೆಸ್ಟ್ ಬೆಂಚ್: ಇಲ್ಲಿ ಮಾತು ಸ್ಕಿಪಿ

ಮಲ್ಟಿಮೀಟರ್, ಪವರ್ ಸಪ್ಲೈ, ಸ್ಕೋಪ್, ಸಿಗ್ನಲ್ ಜನರೇಟರ್‌ಗಳ ಲೋಕದಲ್ಲಿ ಮಾಡ್‌ಬಸ್ ಅಪರೂಪ. ಅಲ್ಲಿ 1990ರಲ್ಲಿ ಬಂದ ಸ್ಕಿಪಿ ನಡೆಯುತ್ತದೆ. ಓದಿದರೆ ಅರ್ಥವಾಗುವ ಅಕ್ಷರಗಳಲ್ಲೇ ಆಜ್ಞೆ ಕೊಡುವುದು, ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇದ್ದರೆ ಉತ್ತರ ಬರುತ್ತದೆ. "*ಐಡಿಎನ್?" ಅಂತ ಕಳಿಸಿದರೆ ಇನ್‌ಸ್ಟ್ರುಮೆಂಟ್ ತನ್ನ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ ನಾಲ್ಕನ್ನೂ ಕಾಮಾ ಹಾಕಿ ಹೇಳುತ್ತದೆ. ಯಾವ ತಂತಿಯೇ ಇರಲಿ, ಮೊದಲ ಪರೀಕ್ಷೆ ಇದೇ. ಉತ್ತರ ಬರದೆ ಟೈಮ್‌ಔಟ್ ಆದರೆ ಸಾಲಿನ ಕೊನೆಯ ಗುರುತು ಕಳಿಸಿದ್ದೀರಾ ನೋಡಿ, ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಆಜ್ಞೆ ತಪ್ಪಿದ್ದರೆ "ಸಿಸ್ಟ್:ಇಆರ್‌ಆರ್?" ಕೇಳಿ, -113 ಅಂತ ಬಂದರೆ ಆ ಆಜ್ಞೆ ಅದಕ್ಕೆ ಗೊತ್ತಿಲ್ಲ ಅಂತ ಅರ್ಥ.

ಸ್ಕಿಪಿಯನ್ನು ಹೊರುವ ತಂತಿ ಮುಖ್ಯವಾಗಿ ಮೂರು, ಆಯ್ಕೆ ಇರುವುದು ಅಲ್ಲಿ.

ಜಿಪಿಐಬಿ ಎಲ್ಲಕ್ಕಿಂತ ಹಿರಿಯ. ಎಚ್‌ಪಿ ಕಂಪನಿ ಮಾಡಿದ್ದು 1975ರಲ್ಲಿ ಐಇಇಇ 488 ಅನ್ನುವ ಮಾನಕವಾಯಿತು. 24 ಪಿನ್ನಿನ ದಪ್ಪ ಕನೆಕ್ಟರ್, ಒಂದರ ಬೆನ್ನಿಗೆ ಒಂದು ಚುಚ್ಚುತ್ತಾ ಹೋಗಬಹುದು. ಕಂಟ್ರೋಲರ್ ಸೇರಿ 15 ಉಪಕರಣ, ಒಟ್ಟು ಕೇಬಲ್ 20 ಮೀಟರ್. ಅದು ಗಟ್ಟಿ ಆಸಾಮಿ, ಕೇಬಲ್ ತಾನಾಗಿ ಕಳಚುವುದಿಲ್ಲ, ಯಾವ ಇನ್‌ಸ್ಟ್ರುಮೆಂಟಿಗೆ ಗಮನ ಬೇಕು ಅಂತ ತಿಳಿಸಲು ಬೇರೆಯೇ ಒಂದು ತಂತಿ ಇದೆ. ತೊಂದರೆ ಇರುವುದು ಕಂಪ್ಯೂಟರಿನ ಕಡೆ. ಒಳ್ಳೆಯ ಕಂಪನಿಯ ಯುಎಸ್‌ಬಿ ಅಡಾಪ್ಟರ್‌ಗೆ ಹತ್ತಾರು ಸಾವಿರದಿಂದ ಲಕ್ಷದ ಆಸುಪಾಸು ಬೀಳುತ್ತದೆ. ಹಾಗಂತ ಕಾಲೇಜಿನವರು ಹಳೇ ಇನ್‌ಸ್ಟ್ರುಮೆಂಟ್‌ಗಳನ್ನು ಎಸೆಯಬೇಡಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಆರೂವರೆ ಡಿಜಿಟ್ಟಿನ ಹಳೆಯ ಮಲ್ಟಿಮೀಟರ್ ಕ್ಯಾಲಿಬ್ರೇಶನ್‌ನಲ್ಲಿ ಪಾಸಾಗುತ್ತಿದ್ದರೆ ಇನ್ನೂ ವರ್ಷಗಟ್ಟಲೆ ದುಡಿಯುತ್ತದೆ, ಮತ್ತು ಒಂದೇ ಅಡಾಪ್ಟರ್ ಆ ಇಡೀ ಸಾಲಿಗೆ ಸಾಕು. ಹತ್ತು ಇನ್‌ಸ್ಟ್ರುಮೆಂಟ್ ಇದ್ದರೆ ಅಡಾಪ್ಟರ್ ಖರ್ಚು ಹತ್ತಕ್ಕೆ ಹಂಚಿಹೋಯಿತು. ಒಂದೇ ಇದ್ದರೆ ಮಾತ್ರ ಲೆಕ್ಕ ಹೊಂದುವುದಿಲ್ಲ. ಹೊಸದಾಗಿ ಕೊಳ್ಳುವವರು ಜಿಪಿಐಬಿಗೆಂದು ಹೆಚ್ಚಿನ ದುಡ್ಡು ಕೊಡುವ ಅಗತ್ಯವಿಲ್ಲ.

ಯುಎಸ್‌ಬಿ ಇರುವ ಹೊಸ ಇನ್‌ಸ್ಟ್ರುಮೆಂಟ್‌ಗಳು ಯುಎಸ್‌ಬಿಟಿಎಂಸಿ ಅನ್ನುವ ನಿಯಮ ಪಾಲಿಸುತ್ತವೆ. ಚುಚ್ಚಿದರೆ ಸಾಕು, ವಿಳಾಸ ಗಿಳಾಸ ಇಡುವ ಗೋಜಿಲ್ಲ. ವಿದ್ಯಾರ್ಥಿಯ ಮೇಜಿಗೆ, ಒಂದು ಸ್ಕೋಪ್ ಒಂದು ಲ್ಯಾಪ್‌ಟಾಪ್‌ಗೆ ಇದೇ ಸರಿ. ಕಾರ್ಖಾನೆಯ ಟೆಸ್ಟ್ ಬೆಂಚಿಗೆ ಮಾತ್ರ ನಾನು ಹಿಂಜರಿಯುತ್ತೇನೆ. ಕೇಬಲ್ 5 ಮೀಟರಿಗಿಂತ ಉದ್ದ ಹೋಗುವುದಿಲ್ಲ, ಇನ್‌ಸ್ಟ್ರುಮೆಂಟಿನ ಗ್ರೌಂಡ್ ಮತ್ತು ಕಂಪ್ಯೂಟರಿನ ಗ್ರೌಂಡ್ ಒಂದಾಗಿಬಿಡುತ್ತದೆ, ಪಕ್ಕದಲ್ಲಿ ಕಾಂಟ್ಯಾಕ್ಟರ್ ಬಿದ್ದಾಗ ಯುಎಸ್‌ಬಿ ಕಳಚಿಕೊಂಡು ಟೆಸ್ಟ್ ನಡುವಲ್ಲೇ ನಿಂತುಹೋಗುತ್ತದೆ. ಮತ್ತೆ ಸೇರಿಸಬೇಕಾದರೆ ಯಾರಾದರೂ ಹೋಗಿ ಕಿತ್ತು ಚುಚ್ಚಬೇಕು.

ಅದಕ್ಕೇ ಹೊಸ ಬೆಂಚಿಗೆ ನನ್ನ ಮೊದಲ ಆಯ್ಕೆ ಈಥರ್‌ನೆಟ್, ಅಂದರೆ ಎಲ್‌ಎಕ್ಸ್‌ಐ (ಈಥರ್‌ನೆಟ್ ಇನ್‌ಸ್ಟ್ರುಮೆಂಟ್‌ಗಳ ಮಾನಕ) ಗುರುತು ಇರುವ ಇನ್‌ಸ್ಟ್ರುಮೆಂಟ್‌ಗಳು. ಈಥರ್‌ನೆಟ್ ಪೋರ್ಟಿನ ಒಳಗೇ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಗ್ರೌಂಡ್ ತಂಟೆ ಕಡಿಮೆ, 100 ಮೀಟರ್ ಸಿಗುತ್ತದೆ, ಸಾಮಾನ್ಯ ಸ್ವಿಚ್ ಸಾಕು, ಬ್ರೌಸರ್‌ನಲ್ಲೇ ಇನ್‌ಸ್ಟ್ರುಮೆಂಟಿನ ಪುಟ ತೆರೆಯಬಹುದು. ಒಳಗೆ ಮೂರು ದಾರಿ ಕಾಣಬಹುದು. ನೇರ ಸಾಕೆಟ್, ಸಾಮಾನ್ಯವಾಗಿ 5025ನೇ ಪೋರ್ಟ್, ಇದಕ್ಕೆ ಯಾವ ಡ್ರೈವರ್ರೂ ಬೇಡ, ಯಾವ ಭಾಷೆಯಲ್ಲಾದರೂ ಹತ್ತು ಸಾಲಿನ ಪ್ರೋಗ್ರಾಮ್ ಬರೆದು ಮಾತಾಡಬಹುದು, ಆದರೆ ಅರ್ಧಕ್ಕೆ ನಿಂತ ಆಜ್ಞೆಯನ್ನು ರದ್ದು ಮಾಡುವ ಸೌಕರ್ಯ ಸಿಗುವುದಿಲ್ಲ. ವಿಎಕ್ಸ್‌ಐ-11 ಹಳೆಯದು, ಎಲ್ಲ ಕೆಲಸ ಮಾಡುತ್ತದೆ, ಫೈರ್‌ವಾಲ್ ಇದ್ದರೆ ರಗಳೆ. 2010ರಲ್ಲಿ ಬಂದ ಹೈಸ್ಲಿಪ್ ಅದರ ಉತ್ತರಾಧಿಕಾರಿ, 4880 ಒಂದೇ ಪೋರ್ಟ್, ವೇಗವೂ ಜಾಸ್ತಿ. ಹೈಸ್ಲಿಪ್ ಇದ್ದರೆ ಅದನ್ನೇ ಬಳಸಿ.

ಪ್ರೋಗ್ರಾಮ್ ಬರೆಯುವವರಿಗೆ ಒಂದು ಮಾತು. ನೇರವಾಗಿ ಪೋರ್ಟ್ ತೆರೆಯುವ ಬದಲು ವಿಸಾ ಅನ್ನುವ ಪದರದ ಮೂಲಕ ಹೋಗಿ, ಪೈಥಾನ್‌ನಲ್ಲಿ ಆದರೆ ಪೈವಿಸಾ, ಉಚಿತ. ಆಗ ಇವತ್ತು ಜಿಪಿಐಬಿಯಲ್ಲಿರುವ ಮೀಟರನ್ನು ನಾಳೆ ಈಥರ್‌ನೆಟ್ಟಿಗೆ ಬದಲಿಸಿದರೆ ವಿಳಾಸದ ಒಂದು ಸಾಲು ಬದಲಿಸಿದರೆ ಸಾಕು, ಮಾಡೆಲ್ ಅದೇ ಇದ್ದರೆ ಮಿಕ್ಕಿದ್ದು ಹಾಗೇ ಓಡುತ್ತದೆ.

ಒಪಿಸಿ ಯುಎ, ಎಂಕ್ಯುಟಿಟಿ, ಹಾರ್ಟ್: ಇವು ಎಲ್ಲಿ?

ಇವನ್ನು ಮೇಲಿನವಕ್ಕೆ ಎದುರಾಳಿ ಅಂತ ನೋಡುವುದರಿಂದ ಗೊಂದಲ. ಒಪಿಸಿ ಯುಎ ಇರುವುದು ಒಂದು ಮೆಟ್ಟಿಲು ಮೇಲೆ, ಪಿಎಲ್‌ಸಿ, ಸ್ಕಾಡಾ, ಇಆರ್‌ಪಿ (ಕಂಪನಿಯ ಲೆಕ್ಕ ನೋಡುವ ಸಾಫ್ಟ್‌ವೇರ್) ಇವುಗಳ ನಡುವೆ. ಬರೀ ನಂಬರ್ ಕೊಡುವ ಬದಲು ಇದು ತಾಪ, ಇದರ ಯೂನಿಟ್ ಇದು, ಓದಿದ ಸಮಯ ಇದು, ಇದನ್ನು ನಂಬಬಹುದು ಅಥವಾ ನಂಬಬಾರದು ಅಂತ ಎಲ್ಲವನ್ನೂ ಜೊತೆಗೆ ಕೊಡುತ್ತದೆ. ಸರ್ಟಿಫಿಕೇಟ್ ಆಧಾರದ ಸುರಕ್ಷತೆ ಮೊದಲಿನಿಂದಲೂ ಅದರ ಭಾಗ. ಬೆಲೆ ಮತ್ತು ಕಲಿಕೆ ಎರಡೂ ಜಾಸ್ತಿ. ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೂ ಸರ್ಟಿಫಿಕೇಟ್ ಒಪ್ಪದೆ ಸಂಪರ್ಕ ನಿಲ್ಲುತ್ತದೆ, ಅಷ್ಟು ಶಿಸ್ತು ಅದಕ್ಕೆ. ಹತ್ತು ಕಂಟ್ರೋಲರ್ ಇರುವ ಘಟಕಕ್ಕೆ ಇದು ಬೇಡ. ಬೇರೆ ಬೇರೆ ಕಂಪನಿಯ ಹಲವು ಪಿಎಲ್‌ಸಿಗಳನ್ನು ಒಂದೇ ದಾಖಲೆಗೆ ತರಬೇಕಾದ ದೊಡ್ಡ ಕಾರ್ಖಾನೆಗೆ ಬೇಕು.

ಎಂಕ್ಯುಟಿಟಿ ಅನ್ನುವ ಸಂದೇಶದ ಪ್ರೋಟೋಕಾಲ್ ದೂರದ ಜಾಗಕ್ಕೆ. 1999ರಲ್ಲಿ ಸ್ಯಾಟಲೈಟ್ ಮೂಲಕ ತೈಲದ ಪೈಪ್‌ಲೈನ್ ಮೇಲೆ ನಿಗಾ ಇಡಲೆಂದೇ ಹುಟ್ಟಿದ್ದು, ಹಾಗಾಗಿ ಸಿಗ್ನಲ್ ಬಂದು ಹೋಗುವ ಕಡೆಗೂ ಒಗ್ಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಂಥ ಕಡೆ ಕೋಣೆ ಕೋಣೆಯ ತಾಪವನ್ನು ಊರಾಚೆ ಕೂತು ಮೊಬೈಲ್‌ನಲ್ಲಿ ನೋಡಬೇಕು ಅಂದರೆ, ಕೆಳಗೆ ಮಾಡ್‌ಬಸ್, ನಡುವೆ 4ಜಿ ಗೇಟ್‌ವೇ, ಮೇಲೆ ಎಂಕ್ಯುಟಿಟಿ. ಗೇಟ್‌ವೇಯೇ ಹೊರಗೆ ಕರೆ ಮಾಡುವುದರಿಂದ ರೂಟರ್‌ನಲ್ಲಿ ಪೋರ್ಟ್ ತೆರೆಯಬೇಕಿಲ್ಲ. ಸಿಗ್ನಲ್ ಇಲ್ಲದ ಹೊತ್ತಿನ ದಾಖಲೆಯನ್ನು ಒಳಗೇ ಉಳಿಸಿಕೊಂಡು ಆಮೇಲೆ ಕಳಿಸುವ ಗೇಟ್‌ವೇ ಆರಿಸಿ, 8883ನೇ ಪೋರ್ಟಿನಲ್ಲಿ ಟಿಎಲ್‌ಎಸ್ ಹಾಕಿಯೇ ಬಳಸಿ. ನೋಡುವುದಕ್ಕೆ, ಅಲಾರಂಗೆ ಇದು ಚೆನ್ನ. ಕಂಪ್ರೆಸರ್ ಆನ್ ಆಫ್ ಮಾಡುವ ತೀರ್ಮಾನವನ್ನು ಮಾತ್ರ ಮೊಬೈಲ್ ಸಿಗ್ನಲ್ಲಿಗೆ ಒಪ್ಪಿಸಬೇಡಿ.

ಹಾರ್ಟ್ ಬಗ್ಗೆ ಎರಡೇ ಮಾತು. ಪ್ರೆಶರ್, ಲೆವೆಲ್ ಟ್ರಾನ್ಸ್‌ಮಿಟರ್‌ಗಳು ಅಳತೆಯನ್ನು ಕರೆಂಟಿನ ಪ್ರಮಾಣವಾಗಿ ಕಳಿಸುವ 4-20 ಮಿಲಿಆಂಪ್ ತಂತಿಯ ಮೇಲೆಯೇ ಸವಾರಿ ಮಾಡುತ್ತದೆ, ವೇಗ 1200 ಬಿಟ್ ಅಷ್ಟೇ. ರೇಂಜ್ ಬದಲಿಸಲು, ಸೆನ್ಸರ್ ಆರೋಗ್ಯ ನೋಡಲು ಸರಿ, ಅಳತೆಯ ಕೆಲಸ 4-20ಕ್ಕೇ ಬಿಡಿ.

ಬರೆಯುವವರು ಇದನ್ನು ಓದಲೇಬೇಕು

ಈಗ ಆ ಐದನೇ ಪ್ರಶ್ನೆಗೆ ಬರೋಣ. ಯಾವ ಪ್ರೋಟೋಕಾಲ್ ಆರಿಸಿದರೂ, ಕಂಪ್ಯೂಟರ್ ಒಂದು ದಿನ ನಿಲ್ಲುತ್ತದೆ. ವಿಂಡೋಸ್ ಅಪ್‌ಡೇಟ್ ಆಗಬಹುದು, ಕರೆಂಟ್ ಹೋಗಬಹುದು, ಇಲಿ ಕೇಬಲ್ ಕಡಿಯಬಹುದು. ಫರ್ನೇಸಿನ ತಾಪ ಹಿಡಿದಿಡುವ ಪಿಐಡಿ ಲೆಕ್ಕ ಕಂಟ್ರೋಲರ್ ಒಳಗೇ ನಡೆಯುತ್ತಿದ್ದು, ಕಂಪ್ಯೂಟರ್ 850 ಡಿಗ್ರಿ ಅನ್ನುವ ಸೆಟ್‌ಪಾಯಿಂಟ್ ಮಾತ್ರ ಕೊಟ್ಟಿದ್ದರೆ ಏನೂ ಆಗುವುದಿಲ್ಲ, ಕಂಟ್ರೋಲರ್ 850ರಲ್ಲೇ ಹಿಡಿದಿರುತ್ತದೆ. ಅದೇ, ಕಂಪ್ಯೂಟರ್ರೇ ತಾಪ ಓದಿ ಹೀಟರ್ ಆನ್ ಆಫ್ ಅಂತ ರಿಲೇಗೆ ಬರೆಯುತ್ತಿದ್ದರೆ, ಆನ್ ಅಂತ ಬರೆದ ಮರುಕ್ಷಣ ಸಂಪರ್ಕ ಕಡಿದರೆ ಹೀಟರ್ ಆನ್ ಆಗಿಯೇ ಇರುತ್ತದೆ. ಹಾಗಾಗಿ ಕಂಟ್ರೋಲ್ ಕೆಳಗೆ ಇರಲಿ, ಕಂಪ್ಯೂಟರ್ ಬರೀ ಗುರಿ ಹೇಳಲಿ. ಎಮರ್ಜೆನ್ಸಿ ಸ್ಟಾಪ್, ಅತಿ ತಾಪದ ಕಟ್‌ಔಟ್ ಇವು ಬೇರೆ ಸೆನ್ಸರ್, ಬೇರೆ ತಂತಿಯಲ್ಲಿ ನೇರ ಕಾಂಟ್ಯಾಕ್ಟರ್‌ಗೆ ಹೋಗಬೇಕು, ಯಾವ ಪ್ರೋಟೋಕಾಲ್ ಮೂಲಕವೂ ಅಲ್ಲ. ವಿಎಫ್‌ಡಿಗಳಲ್ಲಿ ಸಾಮಾನ್ಯವಾಗಿ ಕಮ್ಯುನಿಕೇಶನ್ ಟೈಮ್‌ಔಟ್ ಅನ್ನುವ ಪ್ಯಾರಾಮೀಟರ್ ಇರುತ್ತದೆ, ಇಷ್ಟು ಸೆಕೆಂಡ್ ಸಂದೇಶ ಬರದಿದ್ದರೆ ನಿಲ್ಲು ಅಂತ. ಎಷ್ಟೋ ಡ್ರೈವ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ತೆರೆದು ನೋಡಿ, ಹೊಂದಿಸಿ, ಕೇಬಲ್ ಕಿತ್ತು ಪರೀಕ್ಷೆ ಮಾಡಿ.

ಇನ್ನೊಂದು ಕಾಣದ ಹೊಡೆತ. ಕಂಟ್ರೋಲರ್‌ಗೆ ಬರೆದ ಸೆಟ್‌ಪಾಯಿಂಟ್ ಹೆಚ್ಚಾಗಿ ಒಳಗಿನ ಇಇಪ್ರಾಮ್‌ಗೆ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಹೋಗಿ ಕೂರುತ್ತದೆ. ಅದಕ್ಕೆ ಆಯಸ್ಸು ಲಕ್ಷದಿಂದ ಹತ್ತು ಲಕ್ಷ ಬರವಣಿಗೆ. ಪ್ರೋಗ್ರಾಮ್ ಬರೆದವರು ಅದೇ ಸೆಟ್‌ಪಾಯಿಂಟನ್ನು ಸೆಕೆಂಡಿಗೊಮ್ಮೆ ಬರೆಯುತ್ತಿದ್ದರೆ ದಿನಕ್ಕೆ 86,400 ಸಲ ಆಯಿತು. ಲಕ್ಷದ ಆಯಸ್ಸು ಎರಡನೇ ದಿನವೇ ಮುಗಿಯಿತು. ಬದಲಾದಾಗ ಮಾತ್ರ ಬರೆಯಿರಿ. ಪದೇ ಪದೇ ಬದಲಿಸಲೇಬೇಕಾದರೆ ರ್‍ಯಾಮ್‌ಗೆ ಮಾತ್ರ ಬರೆಯುವ ರಿಜಿಸ್ಟರ್ ಇದೆಯಾ ಅಂತ ಕೈಪಿಡಿಯಲ್ಲಿ ಹುಡುಕಿ.

ಹಾಗಾದರೆ ನಿಮಗೆ ಯಾವುದು

ಪಕ್ಕದ ಮೇಜಿನ ಒಂದು ತೂಕದ ಯಂತ್ರ: ಆರ್‌ಎಸ್-232, ಯೋಚನೆಯೇ ಬೇಡ. ಶೆಡ್ ತುಂಬ ಹರಡಿದ ಕಂಟ್ರೋಲರ್, ಮೀಟರ್, ಕೈಯಲ್ಲಿ ದುಡ್ಡು ಕಡಿಮೆ: ಆರ್‌ಎಸ್-485 ಮಾಡ್‌ಬಸ್, ಉಳಿದ ದುಡ್ಡನ್ನು ಒಳ್ಳೆಯ ಕೇಬಲ್ ಮತ್ತು ಐಸೊಲೇಟೆಡ್ ಕನ್ವರ್ಟರ್ ಮೇಲೆ ಹಾಕಿ. ಅದೇ ಶೆಡ್, ಆದರೆ ಮೂರು ಕಡೆ ನೋಡಬೇಕು: ಮೇಲೆ ಒಂದು ಗೇಟ್‌ವೇ ಸೇರಿಸಿ, ಇನ್‌ಸ್ಟ್ರುಮೆಂಟ್ ಬದಲಿಸಬೇಡಿ. ಹೊಸ ಟೆಸ್ಟ್ ಬೆಂಚ್: ಈಥರ್‌ನೆಟ್, ಹೈಸ್ಲಿಪ್ ಇದ್ದರೆ ಇನ್ನೂ ಒಳ್ಳೆಯದು. ಹಳೇ ಮತ್ತು ಹೊಸ ಉಪಕರಣ ಬೆರೆತ ಕಾಲೇಜ್ ಲ್ಯಾಬ್: ಒಂದು ಜಿಪಿಐಬಿ ಅಡಾಪ್ಟರ್, ಹೊಸವಕ್ಕೆ ಈಥರ್‌ನೆಟ್, ಮೇಲೆ ಪೈವಿಸಾ. ಇವತ್ತು ಎರಡೇ ಮೀಟರ್ ಇದ್ದು ನಾಳೆ ಬೆಳೆಯುವ ಅಂದಾಜಿದ್ದರೆ, ಕೊಳ್ಳುವಾಗಲೇ ಕಮ್ಯುನಿಕೇಶನ್ ಇರುವ ಮಾಡೆಲ್ ತೆಗೆದುಕೊಳ್ಳಿ. ಆಮೇಲೆ ಸೇರಿಸಲು ಆಗದ ಮಾಡೆಲ್‌ಗಳೇ ಜಾಸ್ತಿ.

ಪಿಒ (ಖರೀದಿ ಆದೇಶ) ಕಳಿಸುವ ಮೊದಲು ಮಾರುವವರನ್ನು ಕೇಳಿ: ಪ್ರೋಟೋಕಾಲ್ ಯಾವುದು, ಪೋರ್ಟ್ ಐಸೊಲೇಟೆಡ್ಡಾ, ಸಂಪರ್ಕ ಕಡಿದರೆ ಔಟ್‌ಪುಟ್ ಏನಾಗುತ್ತದೆ, ಬರೆಯಲು ಬಿಡುವ ರಿಜಿಸ್ಟರ್‌ಗಳು ಯಾವುವು. ರಿಜಿಸ್ಟರ್ ಪಟ್ಟಿ ಅಥವಾ ಆಜ್ಞೆಗಳ ಪಟ್ಟಿಯ ಪಿಡಿಎಫ್ ಮೇಲ್‌ನಲ್ಲಿ ತರಿಸಿಕೊಂಡು ನಿಮಗೆ ಬೇಕಾದ ನಾಲ್ಕೈದು ಅಂಶ ಅದರಲ್ಲಿ ಇವೆಯಾ ಅಂತ ಟಿಕ್ ಮಾಡಿ. "ಮೆಟೀರಿಯಲ್ ಜೊತೆ ಕಳಿಸ್ತೀವಿ ಸರ್" ಅಂದರೆ ಇನ್ನೊಂದು ಕಡೆಯಿಂದಲೂ ಕೊಟೇಶನ್ ತರಿಸಿಕೊಳ್ಳಿ.